ಒಂದೇ ಬಣ್ಣದ ಸುಣ್ಣಕಲ್ಲಿನಲ್ಲಿ ಕಾಲದ ಗಡಿ ಎಲ್ಲಿದೆ?

ಪ್ರಶ್ನೆ: ಮೇಡಂ, ನಾನು ಭೂವಿಜ್ಞಾನದ ಎಂ.ಎಸ್‌ಸಿ. ವಿದ್ಯಾರ್ಥಿ. ಪ್ರಾಜೆಕ್ಟ್‌ಗಾಗಿ 18 ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆಯೊಂದರಿಂದ ಎರಡೆರಡು ಮೀಟರ್‌ಗೆ ಒಂದರಂತೆ ಸ್ಯಾಂಪಲ್ ತಂದಿದ್ದೇನೆ. ಕಲ್ಲು ಕೆಳಗಿನಿಂದ ಮೇಲಿನವರೆಗೆ ಒಂದೇ ಥರ ಕಾಣುತ್ತದೆ. 8 ಮೀಟರ್‌ವರೆಗೆ ಗ್ಲೋಬೊಟ್ರಂಕಾನಾ ಎಂಬ ಸೂಕ್ಷ್ಮಜೀವಿಯ ಚಿಪ್ಪು ರಾಶಿ ರಾಶಿ ಸಿಗುತ್ತದೆ. 10 ಮೀಟರ್‌ನ ಸ್ಯಾಂಪಲ್‌ನಲ್ಲಿ ಒಂದೂ ಇಲ್ಲ. 150 ಮೈಕ್ರಾನ್ (0.15 ಮಿಲಿಮೀಟರ್) ಜರಡಿಯಲ್ಲಿ ಹೆಚ್ಚುಕಮ್ಮಿ ಏನೂ ಉಳಿಯಲೇ ಇಲ್ಲ. ಹಾಗಾದರೆ ಕ್ರಿಟೇಷಿಯಸ್ ಕಾಲ ಮುಗಿದು ಪ್ಯಾಲಿಯೋಜೀನ್ ಕಾಲ ಶುರುವಾಗುವ ಗಡಿ 9 ಮೀಟರ್‌ನಲ್ಲಿದೆ ಎಂದು ಬರೆಯಬಹುದಾ? ಜಾತಿಗಳು ಎಲ್ಲಿ ಕೊನೆಯಾಗುತ್ತವೋ ಅದೇ ಗಡಿ ಅಲ್ವಾ? ಇನ್ನೊಂದು ಸಂಶಯ. ಸೀನಿಯರ್ ಒಬ್ಬರು ಕಲ್ಲನ್ನು ಆಸಿಡ್‌ನಲ್ಲಿ ಕರಗಿಸಿ ನೋಡು ಅಂದರು. ಸುಣ್ಣಕಲ್ಲು ಕರಗಿದರೆ ಅದರೊಳಗಿನ ಸುಣ್ಣದ ಚಿಪ್ಪೂ ಕರಗಿಹೋಗುವುದಿಲ್ಲವೇ?

ಉತ್ತರ: 9 ಮೀಟರ್ ಎಂದು ಬರೆಯಬೇಡಿ. ‘8 ಮತ್ತು 10 ಮೀಟರ್‌ಗಳ ನಡುವೆ’ ಎಂದು ಬರೆಯಿರಿ. ಮಧ್ಯದ ಅಂಕೆ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ 9 ಮೀಟರ್‌ನ ಕಲ್ಲನ್ನು ನೀವು ಮುಟ್ಟಿಯೇ ಇಲ್ಲ. ಇನ್ನು ಆ 150 ಮೈಕ್ರಾನ್ ಜರಡಿ! ಅದನ್ನು ಓದಿದಾಗ ನನ್ನದೇ ಮೊದಲ ವರ್ಷ ನೆನಪಾಯಿತು. ನಾನೂ ಅದನ್ನೇ ಮಾಡಿದ್ದೆ. ನಿಮ್ಮ 10 ಮೀಟರ್‌ನ ಸ್ಯಾಂಪಲ್ ಖಾಲಿ ಇದ್ದಿರಲಿಕ್ಕಿಲ್ಲ. ಅದರಲ್ಲಿ ಇದ್ದದ್ದು ಸಿಂಕಿನಲ್ಲಿ ಹರಿದುಹೋಗಿರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಡಿಯ ಮಾತು. ಜಾತಿಗಳು ಕೊನೆಯಾಗುವ ಜಾಗವೇ ಗಡಿ ಎಂದು ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ನಡೆಯುವುದು ಬೇರೆ. ಪ್ರತಿ ಗಡಿಗೂ ಇಡೀ ಲೋಕದಲ್ಲಿ ಒಂದೇ ಒಂದು ಜಾಗವನ್ನು ಆರಿಸುತ್ತಾರೆ. ಆ ಜಾಗದ ಪದರಗಳಲ್ಲಿ ಒಂದು ಬಿಂದುವನ್ನು ಗೊತ್ತು ಮಾಡಿ, ‘ಇಲ್ಲಿಂದ ಮೇಲಕ್ಕೆ ಹೊಸ ಕಾಲ’ ಎಂದು ಒಪ್ಪಿಕೊಳ್ಳುತ್ತಾರೆ. ಇದಕ್ಕೆ ನಾವು ‘ಚಿನ್ನದ ಮೊಳೆ’ ಅನ್ನುತ್ತೇವೆ. ಹೆಸರಿಗೆ ಮಾತ್ರ ಚಿನ್ನ. ಹೆಚ್ಚಿನ ಕಡೆ ಇರುವುದು ಒಂದು ಲೋಹದ ಬಿಲ್ಲೆ ಅಥವಾ ಫಲಕ, ಕೆಲವು ಕಡೆ ಅದೂ ಇಲ್ಲ. ಮೊದಲ ಮೊಳೆ 1972ರಲ್ಲಿ ಸೈಲೂರಿಯನ್–ಡೆವೋನಿಯನ್ ಗಡಿಗೆ ಬಿತ್ತು. ಜಾಗ ಈಗಿನ ಚೆಕ್ ಗಣರಾಜ್ಯದ ಕ್ಲೋಂಕ್. ನಿಮ್ಮ ಗಡಿಯ ಮೊಳೆ ಇರುವುದು ಟ್ಯುನೀಷಿಯಾದ ಎಲ್ ಕೆಫ್‌ನಲ್ಲಿ, ಕಪ್ಪು ಜೇಡಿ ಪದರವೊಂದರ ತಳದಲ್ಲಿ.

ಅಂದರೆ ಗಡಿಯನ್ನು ಎಲ್ಲಿ ಇಡಬೇಕು ಎಂಬ ತೀರ್ಮಾನ ಆಗಲೇ ಆಗಿಹೋಗಿದೆ. ಎಲ್ ಕೆಫ್‌ನ ಆ ಬಿಂದುವಿನಷ್ಟೇ ವಯಸ್ಸಿನ ಮಟ್ಟ ನಿಮ್ಮ ಗೋಡೆಯಲ್ಲಿ ಎಲ್ಲಿದೆ ಎಂದು ಕಂಡುಹಿಡಿಯುವುದಷ್ಟೇ ನಿಮಗೆ ಉಳಿದಿರುವ ಕೆಲಸ. ಸೂಕ್ಷ್ಮ ಪಳೆಯುಳಿಕೆಗಳು ಅಲ್ಲಿಂದ ಇಲ್ಲಿಗೆ ಸುದ್ದಿ ತರುವ ಅಂಚೆಯಾಳುಗಳು. ಅವೇ ಯಾಕೆ ಅಂದರೆ, ಒಂದು ಚಮಚ ಪುಡಿಯಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ತೇಲುವ ಜೀವಿಗಳಾದರೆ ಸಮುದ್ರದಿಂದ ಸಮುದ್ರಕ್ಕೆ ಹರಡಿರುತ್ತವೆ. ಜಾತಿಗಳೂ ಬೇಗ ಬೇಗ ಬದಲಾಗುತ್ತವೆ. ಕೊಳವೆಬಾವಿ ಕೊರೆಯುವಾಗ ಬರುವ ಚೂರುಗಳಲ್ಲೂ ಪೂರ್ತಿಯಾಗಿ ಉಳಿದಿರುತ್ತವೆ. ದೊಡ್ಡ ಪಳೆಯುಳಿಕೆಗೆ ಈ ಭಾಗ್ಯ ಇಲ್ಲ.

ಗಡಿಯೂ ಜೀವಿಗಳ ಅಳಿವೂ ಒಂದೇ ಅಲ್ಲ ಎನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಚೀನಾದ ಮೆಯ್‌ಶಾನ್. ಝೆಜಿಯಾಂಗ್ ಪ್ರಾಂತ್ಯದ ಈ ಕಲ್ಲುಗಣಿಯಲ್ಲಿ ಪರ್ಮಿಯನ್–ಟ್ರಯಾಸಿಕ್ ಗಡಿಯ ಮೊಳೆ ಇದೆ. 2001ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಲ್ಲಿನ ಪದರಗಳಿಗೆ ನಂಬರ್ ಕೊಟ್ಟಿದ್ದಾರೆ. 24ನೆಯದು ಸುಣ್ಣಕಲ್ಲು. 25 ಬಿಳಿ ಜೇಡಿ, ಅದು ಮೂಲದಲ್ಲಿ ಜ್ವಾಲಾಮುಖಿಯ ಬೂದಿ. 26 ಕಪ್ಪು ಜೇಡಿ. 27 ಮತ್ತೆ ಸುಣ್ಣಕಲ್ಲು. ಸುಮಾರು 25 ಕೋಟಿ ವರ್ಷಗಳ ಹಿಂದಿನ ಆ ಮಹಾ ಅಳಿವಿನ ಹೊಡೆತ ಕಾಣುವುದು 25ನೇ ಪದರದ ಹತ್ತಿರ. ಗಡಿ ಅಲ್ಲಿಲ್ಲ! ಅದು ಒಂದು ಗೇಣಿನಷ್ಟು ಮೇಲೆ, 27ನೇ ಪದರದ ಸುಣ್ಣಕಲ್ಲಿನ ಮಧ್ಯದಲ್ಲಿದೆ. 27ನ್ನು ಎ, ಬಿ, ಸಿ, ಡಿ ಎಂದು ಭಾಗ ಮಾಡಿದ್ದಾರೆ, ಗಡಿ ಸಿ ಭಾಗದ ತಳದಲ್ಲಿ. ಕಣ್ಣಿಟ್ಟು ನೋಡಿದರೆ ಅಲ್ಲಿ ಏನೂ ಇಲ್ಲ. ಬಣ್ಣ ಬದಲಾಗಿಲ್ಲ, ಗೆರೆ ಇಲ್ಲ. ಹಿಂಡಿಯೋಡಸ್ ಪಾರ್ವಸ್ ಎಂಬ ಕೋನೊಡಾಂಟ್ (ಹಾವುಮೀನಿನ ಥರದ ಪ್ರಾಣಿಯ ಪುಟ್ಟ ಹಲ್ಲು) ಅಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತದೆ, ಅಷ್ಟೇ.

ಅಷ್ಟು ದೊಡ್ಡ ಅಳಿವನ್ನು ಬಿಟ್ಟು ಧೂಳಿನ ಕಣದಂಥ ಹಲ್ಲೊಂದನ್ನು ಯಾಕೆ ಹಿಡಿದರು? ಕಾರಣ ಸರಳ. ಅಳಿವು ಒಂದೇ ದಿನದಲ್ಲಿ, ಎಲ್ಲಾ ಕಡೆ ಒಂದೇ ಸಮನೆ ಆಗುವುದಿಲ್ಲ. ಒಂದು ಸಮುದ್ರದಲ್ಲಿ ಸತ್ತ ಜಾತಿ ಇನ್ನೊಂದರಲ್ಲಿ ಸ್ವಲ್ಪ ಕಾಲ ಉಳಿದಿರಬಹುದು. ಹಿಂದೆ ಈ ಗಡಿಗೆ ಓಟೋಸೆರಾಸ್ ಎಂಬ ಅಮೊನಾಯ್ಡ್ ಅನ್ನು (ಸುರುಳಿ ಚಿಪ್ಪಿನ ಸಮುದ್ರಜೀವಿ) ಗುರುತಾಗಿ ಬಳಸುತ್ತಿದ್ದರು. ಆದರೆ ಅದು ಎಲ್ಲಾ ಕಡೆ ಸಿಗುತ್ತಿರಲಿಲ್ಲ. ಹಿಂಡಿಯೋಡಸ್ ಪಾರ್ವಸ್ ಮಾತ್ರ ಆಳ ನೀರಿನ ಕಲ್ಲಿನಲ್ಲೂ ಸಿಗುತ್ತದೆ, ತೆಳು ನೀರಿನ ಕಲ್ಲಿನಲ್ಲೂ ಸಿಗುತ್ತದೆ, ಹಲವು ದೇಶಗಳಲ್ಲೂ ಸಿಗುತ್ತದೆ. ಗಡಿ ಗುರುತಿಗೆ ಬೇಕಾದ ಮುಖ್ಯ ಗುಣ ಇದು. ಜೀವಿ ಚೆಂದ ಇರಬೇಕಾಗಿಲ್ಲ, ಎಲ್ಲೆಲ್ಲೂ ಇದ್ದಿರಬೇಕು.

ಈಗ ನಿಮ್ಮ ಗಡಿಗೆ ಬನ್ನಿ. ಕ್ರಿಟೇಷಿಯಸ್–ಪ್ಯಾಲಿಯೋಜೀನ್ ಒಂದು ವಿಶೇಷ ಪ್ರಕರಣ. ಇಲ್ಲಿ ಅಳಿವೂ ಗಡಿಯೂ ಹೆಚ್ಚುಕಮ್ಮಿ ಒಂದೇ ಕಡೆ ಕೂತಿವೆ. 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯ ಅಪ್ಪಳಿಸಿದ ಕ್ಷಣವೇ ಗುರುತು. ನಿಮ್ಮ ಊಹೆ ಪೂರ್ತಿ ತಪ್ಪಲ್ಲ ಅನ್ನುವುದು ಅದಕ್ಕೇ. ಆದರೆ ಈ ಒಂದು ಗಡಿಯನ್ನು ನೋಡಿ ಎಲ್ಲಾ ಗಡಿಗಳೂ ಹೀಗೇ ಅಂದುಕೊಂಡರೆ ಕೆಟ್ಟಿರಿ.

ಇದನ್ನು ಸುಣ್ಣಕಲ್ಲಿನಲ್ಲಿ ನೋಡಲು ಇಟಲಿಯ ಗುಬ್ಬಿಯೊಗಿಂತ ಒಳ್ಳೆಯ ಜಾಗ ಇಲ್ಲ. ಬೊಟ್ಟಾಚ್ಚೊನೆ ಕಣಿವೆಯಲ್ಲಿ ಸ್ಕಾಲಿಯಾ ರೊಸ್ಸಾ ಎಂಬ ಗುಲಾಬಿ-ಕೆಂಪು ಸುಣ್ಣಕಲ್ಲಿದೆ. ಆಳ ಸಮುದ್ರದಲ್ಲಿ ಶಾಂತವಾಗಿ ಕೂತ ಕೆಸರು ಅದು. ಗಡಿಯ ಕೆಳಗಿನ ಕಲ್ಲನ್ನು ಕೈ ಲೆನ್ಸ್‌ನಲ್ಲಿ ನೋಡಿದರೂ ಸಾಕು, ಮರಳಿನ ಕಣದಷ್ಟು ದಪ್ಪದ ಚುಕ್ಕೆಗಳು ಎದ್ದು ಕಾಣುತ್ತವೆ. ಅವು ಗ್ಲೋಬೊಟ್ರಂಕಾನಾ ಮತ್ತು ಅದರ ಬಂಧುಗಳು. ಚಿಪ್ಪಿನ ಸುತ್ತ ಏಣು, ಮೇಲೆ ಕುಸುರಿ, ಒಳ್ಳೆ ಸಿಂಗಾರ. ಆಮೇಲೆ ಸುಮಾರು ಒಂದು ಸೆಂಟಿಮೀಟರ್ ಜೇಡಿ. ಅದರ ಮೇಲೆ ಮತ್ತೆ ಸುಣ್ಣಕಲ್ಲು. ಲೆನ್ಸ್ ಹಿಡಿದರೆ ಏನೂ ಕಾಣುವುದಿಲ್ಲ. ಕಲ್ಲನ್ನು ಸೀಳಿ, ಉಜ್ಜಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಮಾತ್ರ ಪುಟ್ಟ ಪುಟ್ಟ, ಸಿಂಗಾರವಿಲ್ಲದ ಚಿಪ್ಪುಗಳು ಗೋಚರಿಸುತ್ತವೆ. ಇವುಗಳಲ್ಲಿ ಒಂದನ್ನು ಹಾನ್ಸ್ ಲೂಟರ್‌ಬಾಕರ್ ಮತ್ತು ಇಸಬೆಲ್ಲಾ ಪ್ರೆಮೊಲಿ ಸಿಲ್ವಾ 1964ರಲ್ಲಿ ವಿವರಿಸಿದರು. ಗುಬ್ಬಿಯೊದ ಹಳೆಯ ಲ್ಯಾಟಿನ್ ಹೆಸರನ್ನೇ ಅದಕ್ಕೆ ಇಟ್ಟರು. ಈಗ ಅದನ್ನು ಪಾರ್ವುಲಾರುಗೊಗ್ಲೋಬಿಜೆರಿನಾ ಯುಗುಬಿನಾ ಎಂದು ಕರೆಯುತ್ತಾರೆ. ಜೀವಿಗಿಂತ ಹೆಸರೇ ಉದ್ದ.

ಮುಂದಿನ ಕಥೆ ನಿಮಗೆ ಗೊತ್ತಿರುತ್ತದೆ. ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ಇದೇ ಕಣಿವೆಯ ಜೇಡಿಯನ್ನು ಒಯ್ದರು. ತಂದೆ ಲೂಯಿಸ್ ಆಲ್ವಾರೆಜ್, ಫ್ರಾಂಕ್ ಅಸಾರೊ ಮತ್ತು ಹೆಲನ್ ಮೈಕೆಲ್ ಜೊತೆ ಸೇರಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಜೇಡಿಯಲ್ಲಿ ಇರಿಡಿಯಂ (ಭೂಮಿಯ ಕಲ್ಲುಗಳಲ್ಲಿ ಅಪರೂಪವಾದ, ಆಕಾಶಕಾಯಗಳಲ್ಲಿ ಹೆಚ್ಚಿರುವ ಲೋಹ) ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು ಜಾಸ್ತಿ ಇತ್ತು. ಡೆನ್ಮಾರ್ಕ್‌ನ ಜೇಡಿಯಲ್ಲಿ 160 ಪಟ್ಟು. ಇಲ್ಲಿ ಒಂದು ಮಾತು ಹೇಳಲೇಬೇಕು, ಸೂಕ್ಷ್ಮ ಪಳೆಯುಳಿಕೆ ನೋಡುವ ನಮ್ಮ ಕುಲದ ಹೆಮ್ಮೆ ಅಂತಲೇ ಇಟ್ಟುಕೊಳ್ಳಿ. ಯಾವ ಸೆಂಟಿಮೀಟರ್‌ನಲ್ಲಿ ಇರಿಡಿಯಂ ಹುಡುಕಬೇಕು ಎಂದು ತೋರಿಸಿದ್ದು ಫೊರಾಮಿನಿಫೆರಾಗಳು, ಅಂದರೆ ಗ್ಲೋಬೊಟ್ರಂಕಾನಾ, ಯುಗುಬಿನಾಗಳಂಥ ಚಿಪ್ಪಿರುವ ಏಕಕೋಶ ಜೀವಿಗಳು. ಅವು ಇಲ್ಲದಿದ್ದರೆ ನೂರಾರು ಮೀಟರ್ ಕಲ್ಲಿನಲ್ಲಿ ಆ ಒಂದು ಸೆಂಟಿಮೀಟರ್ ಜೇಡಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ.

ಈಗ ಜರಡಿ. ದೊಡ್ಡ ಗ್ಲೋಬೊಟ್ರಂಕಾನಾಗಳು 200 ಮೈಕ್ರಾನ್‌ಗಿಂತ ದಪ್ಪ ಇರುತ್ತವೆ, ಕೆಲವು 500ರ ಹತ್ತಿರ. ಅವು ನಿಮ್ಮ 150 ಮೈಕ್ರಾನ್ ಜರಡಿಯಲ್ಲಿ ಚೆನ್ನಾಗಿ ನಿಲ್ಲುತ್ತವೆ. ಗಡಿಯ ಮೇಲಿನ ಮೊದಲ ಜಾತಿಗಳು 100 ಮೈಕ್ರಾನ್ ಮುಟ್ಟುವುದೇ ಕಷ್ಟ. ಅವೆಲ್ಲ ತೂತಿನಿಂದ ಇಳಿದು ನೀರಿನ ಜೊತೆ ಹೋದವು. ಹಾಗಾಗಿ ನಿಮಗೆ ಕಂಡದ್ದು ‘ಸತ್ತ ಸಮುದ್ರ’. ಮೇಲಿನ ಅರ್ಧದ ಸ್ಯಾಂಪಲ್‌ಗಳನ್ನು 63 ಮೈಕ್ರಾನ್‌ನಲ್ಲಿ ಮತ್ತೆ ತೊಳೆಯಿರಿ. ಗಡಿಯ ಹತ್ತಿರದವನ್ನು 38 ಮೈಕ್ರಾನ್‌ನಲ್ಲಿ ತೊಳೆಯಿರಿ. ಬೇಜಾರಿನ ಕೆಲಸ, ಜರಡಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಬೇರೆ ದಾರಿ ಇಲ್ಲ. ಇನ್ನೊಂದು ಹಳೇ ಉಪಾಯ: ಒಂದು ಸ್ಯಾಂಪಲ್ ಮುಗಿದು ಇನ್ನೊಂದು ಶುರು ಮಾಡುವ ಮೊದಲು ಜರಡಿಯನ್ನು ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ. ಹಿಂದಿನ ಸ್ಯಾಂಪಲ್‌ನ ಚಿಪ್ಪು ಯಾವುದಾದರೂ ಸಿಕ್ಕಿಕೊಂಡಿದ್ದರೆ ಅದು ನೀಲಿಯಾಗುತ್ತದೆ. ಮುಂದಿನ ಸ್ಯಾಂಪಲ್‌ನಲ್ಲಿ ನೀಲಿ ಗ್ಲೋಬೊಟ್ರಂಕಾನಾ ಕಂಡರೆ ಅದು ಕಳ್ಳ ಎಂದು ತಕ್ಷಣ ಗೊತ್ತಾಗುತ್ತದೆ.

ಈ ಕಳ್ಳರ ವಿಷಯ ದೊಡ್ಡದು. ಜರಡಿಯಲ್ಲಿ ಮಾತ್ರ ಅಲ್ಲ, ಸಮುದ್ರದ ತಳದಲ್ಲೂ ಇದ್ದಾರೆ. ಅಲೆ, ಪ್ರವಾಹ, ಕುಸಿತ ಯಾವುದೋ ಒಂದು ಹಳೇ ಕೆಸರನ್ನು ಕಿತ್ತು ಹೊಸ ಕೆಸರಿನ ಮೇಲೆ ಹಾಕಿದರೆ, ಸತ್ತು ಲಕ್ಷಾಂತರ ವರ್ಷವಾದ ಚಿಪ್ಪು ಮೇಲಿನ ಪದರದಲ್ಲಿ ಕೂರುತ್ತದೆ. ಹುಳುಗಳು ಬಿಲ ತೋಡಿದರೂ ಅಷ್ಟೇ, ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಹೀಗಾಗಿ ಪ್ಯಾಲಿಯೋಜೀನ್ ಕಲ್ಲಿನಲ್ಲಿ ಒಂದೆರಡು ಕ್ರಿಟೇಷಿಯಸ್ ಚಿಪ್ಪು ಸಿಕ್ಕರೆ ಗಾಬರಿ ಬೇಡ. ಸವೆದಿದೆಯಾ, ಬಣ್ಣ ಬೇರೆ ಇದೆಯಾ, ಒಳಗೆ ತುಂಬಿರುವ ಮಣ್ಣು ಸುತ್ತಲಿನ ಕಲ್ಲಿನದೇನಾ ಎಂದು ನೋಡಿ. ಅಲ್ಲಿಗೂ ತೀರ್ಮಾನ ಆಗದಿದ್ದರೆ ಚಿಪ್ಪಿನ ಕಾರ್ಬನ್ ಐಸೊಟೋಪ್ (ಬೇರೆ ಬೇರೆ ತೂಕದ ಕಾರ್ಬನ್ ಪರಮಾಣುಗಳ ಪ್ರಮಾಣ) ಅಳೆಯಬಹುದು. ಗಡಿ ದಾಟಿದ ಮೇಲೆ ಸಮುದ್ರದ ನೀರೇ ಬದಲಾಗಿತ್ತು. ಆ ನೀರಿನಲ್ಲಿ ನಿಜವಾಗಿ ಬದುಕಿದ ಚಿಪ್ಪಿನಲ್ಲಿ ಅದರ ಗುರುತು ಇರುತ್ತದೆ.

ಕೆಲವು ಜಾತಿಗಳು ನಿಜವಾಗಿಯೂ ಬದುಕಿ ಉಳಿದವು ಎನ್ನುವುದೂ ನೆನಪಿರಲಿ. ಗುಂಬೆಲಿಟ್ರಿಯಾ ಕ್ರಿಟೇಷಿಯಾ ಎಂಬ ಸಣ್ಣ ಫೊರಾಮ್ ಗಡಿ ದಾಟಿ, ಆಮೇಲೆ ಕೆಲವು ಕಡೆ ವಿಪರೀತ ಹೆಚ್ಚಿತು. ಸಮುದ್ರದ ತಳದಲ್ಲಿ ಬದುಕುವ ಫೊರಾಮಿನಿಫೆರಾಗಳಿಗೆ ಈ ದುರಂತದ ಬಿಸಿ ಅಷ್ಟಾಗಿ ತಟ್ಟಲೇ ಇಲ್ಲ. ತೇಲುವ ಜಾತಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಸತ್ತವು. ತಳದವುಗಳಲ್ಲಿ ಹೆಚ್ಚಿನವು ಉಳಿದವು. ನೀವು ತಪ್ಪಿ ತಳದ ಜಾತಿಗಳನ್ನಷ್ಟೇ ಎಣಿಸಿದ್ದರೆ ಗಡಿ ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

‘ಕೊನೆಯಾದ ಜಾಗವೇ ಗಡಿ ಅಲ್ವಾ’ ಎಂಬ ನಿಮ್ಮ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಬೀದಿಯಲ್ಲಿ ದಿನಾ ಕಾಣುವ ಮನುಷ್ಯ ಊರು ಬಿಟ್ಟರೆ ಎರಡು ದಿನದಲ್ಲಿ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಕಾಣುವ ಮನುಷ್ಯ? ಅವನನ್ನು ಕೊನೆಯ ಸಲ ನೋಡಿದ ದಿನಕ್ಕೂ ಅವನು ಊರು ಬಿಟ್ಟ ದಿನಕ್ಕೂ ಸಂಬಂಧವೇ ಇಲ್ಲ. ಪಳೆಯುಳಿಕೆಗಳಲ್ಲೂ ಹಾಗೇ. ಅಪರೂಪದ ಜಾತಿಗಳು ನಿಜವಾಗಿ ಅಳಿಯುವ ಮೊದಲೇ ನಮ್ಮ ದಾಖಲೆಯಿಂದ ಮಾಯವಾಗುತ್ತವೆ. ಹಾಗಾಗಿ ಒಮ್ಮೆಲೇ ನಡೆದ ಅಳಿವೂ ನಿಧಾನವಾಗಿ ನಡೆದಂತೆ ಕಾಣುತ್ತದೆ. 1982ರಲ್ಲಿ ಫಿಲಿಪ್ ಸಿಗ್ನರ್ ಮತ್ತು ಜೆರಿ ಲಿಪ್ಸ್ ಇದನ್ನು ತೋರಿಸಿಕೊಟ್ಟರು. ಇವತ್ತಿಗೂ ಇದನ್ನು ಸಿಗ್ನರ್–ಲಿಪ್ಸ್ ಪರಿಣಾಮ ಅನ್ನುತ್ತೇವೆ. ಮೊದಲ ಸಲ ಕಾಣುವುದರಲ್ಲೂ ಇದೇ ಮೋಸ ಇದೆ, ದಿಕ್ಕು ಮಾತ್ರ ತಿರುಗುಮುರುಗು. ಜಾತಿ ಹುಟ್ಟಿದ್ದು ಕೆಳಗೆ, ನಮಗೆ ಸಿಕ್ಕಿದ್ದು ಮೇಲೆ. ಆದರೂ ಮೊದಲ ಸಲ ಕಾಣುವ ಮಟ್ಟಕ್ಕೆ ನಾನು ಸ್ವಲ್ಪ ಜಾಸ್ತಿ ಬೆಲೆ ಕೊಡುತ್ತೇನೆ. ಸತ್ತ ಜಾತಿಯ ಚಿಪ್ಪು ಮೇಲಿನ ಪದರಕ್ಕೆ ತೇಲಿ ಬರಬಹುದು, ಹುಟ್ಟದ ಜಾತಿಯ ಚಿಪ್ಪು ಕೆಳಗಿನ ಪದರದಲ್ಲಿ ಇರಲು ಬಿಲ ಬಿಟ್ಟರೆ ಬೇರೆ ದಾರಿ ಇಲ್ಲ. ಕೊಳವೆಬಾವಿಯ ಚೂರಿನಲ್ಲಿ ಮಾತ್ರ ಈ ಲೆಕ್ಕ ಉಲ್ಟಾ. ಅಲ್ಲಿ ಮೇಲಿನ ಕಲ್ಲು ಬಾವಿಯೊಳಗೆ ಉದುರುತ್ತಲೇ ಇರುತ್ತದೆ. ಅದಕ್ಕೇ ತೈಲ ಕಂಪನಿಗಳಲ್ಲಿ ಕೆಲಸ ಮಾಡುವವರು ಕೊನೆಯ ಸಲ ಕಾಣುವ ಮಟ್ಟವನ್ನೇ ನೆಚ್ಚಿಕೊಳ್ಳುತ್ತಾರೆ.

ಎಷ್ಟು ಚಿಪ್ಪು ಎಣಿಸಬೇಕು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಒಂದು ಜಾತಿ ನೂರಕ್ಕೆ ಒಂದರಷ್ಟಿದೆ ಅಂದುಕೊಳ್ಳಿ. ನೀವು 100 ಚಿಪ್ಪು ಎಣಿಸಿ ನಿಲ್ಲಿಸಿದರೆ, ಆ ಜಾತಿ ಒಂದೂ ಕಣ್ಣಿಗೆ ಬೀಳದೇ ಹೋಗುವ ಸಾಧ್ಯತೆ ಶೇಕಡ 37. 300 ಎಣಿಸಿದರೆ ಅದು ಶೇಕಡ 5ಕ್ಕೆ ಇಳಿಯುತ್ತದೆ. 300 ಎಣಿಸುವ ರೂಢಿ ಸುಮ್ನೆ ಬಂದದ್ದಲ್ಲ. ಎಣಿಸಿ ಮುಗಿದ ಮೇಲೂ ಉಳಿದ ಪುಡಿಯನ್ನೆಲ್ಲ ಒಮ್ಮೆ ಕಣ್ಣಾಡಿಸಿ. ಗಡಿ ಹೇಳುವ ಜಾತಿ ಯಾವಾಗಲೂ ಅಪರೂಪದ್ದೇ ಆಗಿರುತ್ತದೆ. ಇದು ನಮ್ಮ ಕೆಲಸದ ಶಾಪ.

ಈಗ ಆಸಿಡ್ ಪ್ರಶ್ನೆ. ನಿಮ್ಮ ಸಂಶಯ ಸರಿಯಾಗಿದೆ. ನಿಮ್ಮ ಸೀನಿಯರ್ ಬಹುಶಃ ಕೋನೊಡಾಂಟ್ ಮೇಲೆ ಕೆಲಸ ಮಾಡಿದವರು. ಕೋನೊಡಾಂಟ್ ಅಂದರೆ ಹಾವುಮೀನಿನ ಥರದ ಒಂದು ಪುಟ್ಟ ಪ್ರಾಣಿಯ ಬಾಯೊಳಗಿನ ಹಲ್ಲಿನಂಥ ಭಾಗಗಳು. ಕ್ರಿಸ್ಟಿಯಾನ್ ಪಾಂಡರ್ ಇವನ್ನು 1856ರಲ್ಲೇ ವಿವರಿಸಿದ್ದರು. ಆದರೆ ಮೃದು ದೇಹದ ಅಚ್ಚಿನ ಸಮೇತ ಪ್ರಾಣಿ ಸಿಕ್ಕಿ, ಅದರ ವಿವರ ಪ್ರಕಟವಾದದ್ದು 1983ರಲ್ಲಿ. ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕಲ್ಲಿನಲ್ಲಿ ಅದು ಸಿಕ್ಕಿತ್ತು. ಅಲ್ಲಿಯವರೆಗೆ, ನೂರಕ್ಕೂ ಜಾಸ್ತಿ ವರ್ಷ, ಯಾವ ಪ್ರಾಣಿ ಎಂದೇ ತಿಳಿಯದೆ ಅದರ ಹಲ್ಲಿನಿಂದ ಕಲ್ಲಿನ ವಯಸ್ಸು ಹೇಳುತ್ತಿದ್ದರು! ಕೆಲಸಕ್ಕೇನೂ ತೊಂದರೆ ಆಗಲಿಲ್ಲ. ಈ ಹಲ್ಲು ಕ್ಯಾಲ್ಸಿಯಂ ಫಾಸ್ಫೇಟಿನದು, ನಮ್ಮ ಹಲ್ಲಿನ ಹಾಗೆ. ಶೇಕಡ 10ರಷ್ಟು ಅಸಿಟಿಕ್ ಆಸಿಡ್‌ನಲ್ಲಿ ಸುಣ್ಣಕಲ್ಲು ನಿಧಾನವಾಗಿ ಕರಗುತ್ತದೆ, ಫಾಸ್ಫೇಟ್ ಉಳಿಯುತ್ತದೆ. ಒಂದೆರಡು ಕಿಲೋ ಕಲ್ಲನ್ನು ಬಕೆಟ್‌ನಲ್ಲಿಟ್ಟು, ಕೆಲವು ದಿನಕ್ಕೊಮ್ಮೆ ಆಸಿಡ್ ಬದಲಿಸುತ್ತಾ ಕಾಯಬೇಕು. ಉಳಿದ ಗಸಿಯನ್ನು ಸೋಸಿ, ಸೋಡಿಯಂ ಪಾಲಿಟಂಗ್‌ಸ್ಟೇಟ್‌ನಂಥ ಭಾರದ ದ್ರವದಲ್ಲಿ ಹಾಕಿದರೆ ಹಗುರ ಕಣಗಳು ತೇಲಿ ಕೋನೊಡಾಂಟ್ ಮುಳುಗುತ್ತದೆ. ಆಮೇಲೆ ಒದ್ದೆ ಕುಂಚದ ತುದಿಯಲ್ಲಿ ಒಂದೊಂದಾಗಿ ಹೆಕ್ಕುವುದು. ಐದು ಕಿಲೋ ಕಲ್ಲಿಗೆ ಮುನ್ನೂರು ಸಿಗಬಹುದು, ಮೂರೂ ಸಿಗದೇ ಹೋಗಬಹುದು.

ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಬೇಡ. ಅದು ಬೇಗ ಕರಗಿಸುತ್ತದೆ ಎಂಬ ಆಸೆಗೆ ಬಿದ್ದು ನಾನೊಮ್ಮೆ ಒಂದು ಇಡೀ ಬಕೆಟ್ ಹಾಳು ಮಾಡಿದ್ದೇನೆ. ಕಲ್ಲಿನ ಜೊತೆ ಹಲ್ಲೂ ಕರಗಿತ್ತು. ತಳದಲ್ಲಿ ಉಳಿದದ್ದು ಒಂದಿಷ್ಟು ಮರಳು ಮತ್ತು ನನ್ನ ಮೂರು ದಿನ.

ಆದರೆ ನಿಮ್ಮ ಕಲ್ಲಿಗೆ ಈ ವಿದ್ಯೆ ಉಪಯೋಗವಿಲ್ಲ. ಕೋನೊಡಾಂಟ್‌ಗಳು ಟ್ರಯಾಸಿಕ್ ಕಾಲದ ಕೊನೆಗೆ ನಾಮಾವಶೇಷ ಆದವು. ನಿಮ್ಮ ಗೋಡೆ ಅದಕ್ಕಿಂತ 13 ಕೋಟಿ ವರ್ಷ ಚಿಕ್ಕದು. ಕ್ಯಾಂಬ್ರಿಯನ್‌ನಿಂದ ಟ್ರಯಾಸಿಕ್‌ವರೆಗಿನ ಸುಣ್ಣಕಲ್ಲಾದರೆ ಕೋನೊಡಾಂಟ್, ಕ್ರಿಟೇಷಿಯಸ್ ಮತ್ತು ಆಮೇಲಿನದಾದರೆ ತೇಲುವ ಫೊರಾಮಿನಿಫೆರಾ ಮತ್ತು ನ್ಯಾನೊಫಾಸಿಲ್. ಸ್ಥೂಲವಾಗಿ ಹೀಗೆ ನೆನಪಿಟ್ಟುಕೊಳ್ಳಿ. ಮೆತ್ತನೆ ಸುಣ್ಣಕಲ್ಲನ್ನು ನೀರಿನಲ್ಲಿ ಅಥವಾ ನೀರು ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದರೆ ಸಾಕು, ಪುಡಿಯಾಗುತ್ತದೆ. ಗಟ್ಟಿ ಕಲ್ಲಾದರೆ ಥಿನ್ ಸೆಕ್ಷನ್ ಮಾಡಿ: ಗರಗಸದಲ್ಲಿ ಸೀಳಿ, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್‌ಗೆ ಬರುವವರೆಗೆ ಉಜ್ಜಬೇಕು. ಥಿನ್ ಸೆಕ್ಷನ್‌ನಲ್ಲಿ ಜಾತಿ ಗುರುತಿಸುವುದು ಬೇರೆಯೇ ಕಲೆ. ಚಿಪ್ಪು ಯಾವ ಕೋನದಲ್ಲಿ ಸೀಳಿದೆಯೋ ನಿಮ್ಮ ಅದೃಷ್ಟ. ನಡುಮಧ್ಯೆ ಸೀಳಿದ್ದರೆ ಏಣು, ಕೋಣೆ ಎಲ್ಲಾ ಕಾಣುತ್ತವೆ. ಓರೆಯಾಗಿ ಸೀಳಿದ್ದರೆ ಎಲ್ಲವೂ ಒಂದೇ ಥರದ ಉಂಗುರ.

ನಿಮ್ಮ ಜಾಗದಲ್ಲಿ ನಾನಿದ್ದರೆ ನ್ಯಾನೊಫಾಸಿಲ್ ಅನ್ನೂ ಖಂಡಿತ ನೋಡುತ್ತಿದ್ದೆ. ಇವು ಕೆಲವೇ ಮೈಕ್ರಾನ್ ಗಾತ್ರದ ಸುಣ್ಣದ ಬಿಲ್ಲೆಗಳು, ತೇಲುವ ಪಾಚಿಗಳ ಮೈಮೇಲಿನ ಕವಚ. ಬೆಂಕಿಕಡ್ಡಿಯ ತಲೆಯಷ್ಟು ಕಲ್ಲಿನ ಪುಡಿ ಸಾಕು. ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಸವರಿ, ಒಣಗಿಸಿ, ಧ್ರುವೀಕೃತ ಬೆಳಕಿನಲ್ಲಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡುವುದು. ಅರ್ಧ ಗಂಟೆಯ ಕೆಲಸ. ಕ್ರಿಟೇಷಿಯಸ್‌ನ ತೀರಾ ಕೊನೆಯ ಭಾಗದಲ್ಲಿ ಮೈಕ್ಯುಲಾ ಪ್ರಿನ್ಸಿಯೈ ಎಂಬ ಜಾತಿ ಬರುತ್ತದೆ. ಗಡಿ ದಾಟಿದ ಮೇಲೆ ಥೊರಾಕೊಸ್ಫೇರಾ ಎಂಬ ಸಣ್ಣ ಗುಂಡುಗಳು ಒಮ್ಮೆಲೇ ತುಂಬಿಕೊಳ್ಳುತ್ತವೆ. ಇದು ನಿಮಗೆ ಫೊರಾಮ್‌ಗಳಿಂದ ಬೇರೆಯಾದ ಎರಡನೇ ಸಾಕ್ಷಿ. ಎರಡೂ ಒಂದೇ ಮಾತು ಹೇಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಬೇರೆ ಬೇರೆ ಹೇಳಿದರೆ ಅದರಲ್ಲೂ ಏನೋ ಕಥೆ ಇದೆ ಎಂದರ್ಥ.

ಆಳವಿಲ್ಲದ ನೀರಿನ ಸುಣ್ಣಕಲ್ಲಿನ ಬಗ್ಗೆ ಎರಡೇ ಮಾತು. ಅಲ್ಲಿ ತೇಲುವ ಜಾತಿಗಳು ಸಿಗುವುದು ಕಡಿಮೆ. ತಳದಲ್ಲಿ ಬದುಕಿದ ದೊಡ್ಡ ಫೊರಾಮಿನಿಫೆರಾಗಳೇ ಗತಿ. ಕಾರ್ಬೊನಿಫೆರಸ್, ಪರ್ಮಿಯನ್‌ಗೆ ಗೋಧಿ ಕಾಳಿನಂಥ ಫ್ಯೂಸುಲಿನಿಡ್, ಈಯೋಸೀನ್‌ಗೆ ನಾಣ್ಯದಂಥ ನಮ್ಮುಲೈಟ್. ಈಜಿಪ್ಟಿನ ಗೀಜಾ ಪಿರಮಿಡ್‌ಗಳ ಕಲ್ಲಿನಲ್ಲಿ ಈ ನಮ್ಮುಲೈಟ್ ತುಂಬಿದೆ. ಅದು ಪಿರಮಿಡ್ ಕಟ್ಟಿದವರು ಉಂಡು ಬಿಟ್ಟ ಕಾಳು ಕಲ್ಲಾದದ್ದು ಎಂಬ ಮಾತನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ದಾಖಲಿಸಿದ್ದಾನೆ. ಇಂಥ ದೊಡ್ಡ ಫೊರಾಮ್‌ಗಳ ತೊಂದರೆ ಏನೆಂದರೆ ಅವು ಒಂದೊಂದು ಪ್ರದೇಶಕ್ಕೆ ಅಂಟಿಕೊಂಡಿರುತ್ತವೆ. ನೀರಿನ ಆಳ ಸ್ವಲ್ಪ ಬದಲಾದರೂ ಮಾಯ. ಕಾಲ ಬದಲಾಗಿದ್ದಕ್ಕೆ ಹೋದವೋ, ನೀರು ಬದಲಾಗಿದ್ದಕ್ಕೆ ಹೋದವೋ ಎಂದು ಹೇಳಲು ಬೇರೆ ಸಾಕ್ಷಿ ಬೇಕೇ ಬೇಕು.

ಇನ್ನು ಹೆಸರಿನ ಗೋಳು. ಇಡೀ ಪದ್ಧತಿ ನಿಂತಿರುವುದು ‘ಇದು ಆ ಜಾತಿಯೇ’ ಎಂದು ಯಾರೋ ಒಬ್ಬರು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವುದರ ಮೇಲೆ. ಅದೂ ಜಾರುತ್ತದೆ. ಡೆವೋನಿಯನ್–ಕಾರ್ಬೊನಿಫೆರಸ್ ಗಡಿಯನ್ನು 1990ರಲ್ಲಿ ಫ್ರಾನ್ಸಿನ ಲಾ ಸೆರ್‌ನಲ್ಲಿ ಗೊತ್ತು ಮಾಡಿದರು. ಸೈಫೊನೊಡೆಲ್ಲಾ ಸಲ್ಕಾಟಾ ಎಂಬ ಕೋನೊಡಾಂಟ್ ಮೊದಲು ಕಾಣುವ ಮಟ್ಟ ಅದು. ಆಮೇಲೆ ಬೇರೆಯವರು ಅದೇ ಗೋಡೆಯಿಂದ ಮತ್ತೆ ಸ್ಯಾಂಪಲ್ ತೆಗೆದರು. ಅದೇ ಜಾತಿ ಮೊಳೆಯ ಕೆಳಗೂ ಸಿಕ್ಕಿತು! ಜೊತೆಗೆ, ಅದರ ಪೂರ್ವಜ ಎನ್ನುವ ಜಾತಿಗೂ ಅದಕ್ಕೂ ನಡುವೆ ಗೆರೆ ಎಳೆಯುವುದೇ ಕಷ್ಟ ಎಂದು ಗೊತ್ತಾಯಿತು. ಒಂದು ಇನ್ನೊಂದಾಗಿ ನಿಧಾನವಾಗಿ ಬದಲಾಗುತ್ತದೆ, ಎಲ್ಲಿ ಕತ್ತರಿಸುತ್ತೀರಿ? ಈ ಗಡಿಯನ್ನು ಹೊಸದಾಗಿ ಗೊತ್ತು ಮಾಡುವ ಕೆಲಸ ಶುರುವಾದದ್ದು ಅದಕ್ಕೇ. ಕ್ಯಾಂಬ್ರಿಯನ್–ಆರ್ಡೊವಿಸಿಯನ್ ಗಡಿ ಕೆನಡಾದ ನ್ಯೂಫೌಂಡ್‌ಲೆಂಡಿನ ಗ್ರೀನ್ ಪಾಯಿಂಟ್‌ನಲ್ಲಿದೆ. ಅಲ್ಲಿ ಗುರುತಾಗಿರುವ ಕೋನೊಡಾಂಟಿನ ಗುರುತಿಸುವಿಕೆಯೇ ಸರಿಯಿಲ್ಲ ಎಂದು 2012ರಲ್ಲಿ ತಕರಾರು ಬಂತು. ಜುರಾಸಿಕ್–ಕ್ರಿಟೇಷಿಯಸ್ ಗಡಿಗಂತೂ ಇನ್ನೂ ಮೊಳೆಯೇ ಬಿದ್ದಿಲ್ಲ. ಆಳ ಸಮುದ್ರದ ಸುಣ್ಣಕಲ್ಲಿನಲ್ಲಿ ಕ್ಯಾಲ್ಪಿಯೊನೆಲ್ಲಾ ಆಲ್ಪಿನಾ ಎಂಬ ಗಂಟೆಯಾಕಾರದ ಸೂಕ್ಷ್ಮಜೀವಿ ಒಮ್ಮೆಲೇ ಹೆಚ್ಚುವ ಮಟ್ಟವನ್ನು ಹೆಚ್ಚಿನವರು ಬಳಸುತ್ತಾರೆ, ಅಷ್ಟೇ. ನೀವು ಆರಿಸಿಕೊಂಡದ್ದು ಇವೆಲ್ಲಕ್ಕಿಂತ ಸುಲಭದ ಗಡಿ ಎಂದು ಸಮಾಧಾನ ಮಾಡಿಕೊಳ್ಳಿ.

ಕೊನೆಯದಾಗಿ, ನಿಮ್ಮ 8 ಮತ್ತು 10 ಮೀಟರ್ ನಡುವೆ ಗಡಿ ಇಲ್ಲದೆಯೂ ಇರಬಹುದು. ಅಂದರೆ ಗಡಿಯ ಹೊತ್ತಿನ ಕಲ್ಲೇ ಅಲ್ಲಿ ಇಲ್ಲದಿರಬಹುದು. ಸಮುದ್ರದಲ್ಲಿ ಕೆಸರು ಬೀಳುವುದು ನಿಂತು, ಅಥವಾ ಬಿದ್ದದ್ದು ಕೊಚ್ಚಿಹೋಗಿ, ಲಕ್ಷಾಂತರ ವರ್ಷದ ಪುಟಗಳು ಹರಿದುಹೋಗಿರುವುದು ಸುಣ್ಣಕಲ್ಲಿನಲ್ಲಿ ತೀರಾ ಸಾಮಾನ್ಯ. ಇದನ್ನು ಪತ್ತೆ ಮಾಡುವುದು ಹೇಗೆ? ಗಡಿಯ ಎರಡೂ ಪಕ್ಕ ಇರಲೇಬೇಕಾದ ಜಾತಿಗಳು ಸರದಿ ಪ್ರಕಾರ ಇವೆಯಾ ನೋಡಿ. ಕೆಳಗೆ ಮೈಕ್ಯುಲಾ ಪ್ರಿನ್ಸಿಯೈ ಇಲ್ಲವೆ? ಉಷ್ಣವಲಯದ ಕಲ್ಲಾಗಿದ್ದರೆ ಕ್ರಿಟೇಷಿಯಸ್‌ನ ಕಟ್ಟಕಡೆಯ ಫೊರಾಮ್ ಪ್ಲಮ್ಮೆರಿಟಾ ಹ್ಯಾಂಟ್ಕೆನಿನಾಯ್ಡಿಸ್ ಇಲ್ಲವೆ? ಹಾಗಾದರೆ ಕೆಳಗಿನ ಪುಟ ಹರಿದಿರುವ ಸಾಧ್ಯತೆ ಇದೆ. ಮೇಲೆ ಯುಗುಬಿನಾ ಇಲ್ಲದೆ ನೇರವಾಗಿ ಆಮೇಲಿನ ಜಾತಿಗಳು ಬಂದರೆ ಮೇಲಿನ ಪುಟ ಹೋಗಿದೆ. ಗೋಡೆಯ ಎದುರು ನಿಂತು ನೋಡುವಾಗ, ಗಟ್ಟಿಯಾದ ತುಕ್ಕು ಬಣ್ಣದ ಮೇಲ್ಮೈ, ಅದರ ಮೇಲೆ ಕೊರೆದ ತೂತುಗಳು, ಫಾಸ್ಫೇಟಿನ ಕಪ್ಪು ಗಂಟುಗಳು ಕಂಡರೆ ಅಲ್ಲೇ ಸಂಶಯ ಪಡಿ.

ಈಗ ಲೆಕ್ಕ ಮಾಡೋಣ. ಆಳ ಸಮುದ್ರದ ಸುಣ್ಣಕಲ್ಲು ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರ್‌ನಂತೆ ಬೆಳೆದಿದೆ ಎಂದುಕೊಳ್ಳಿ. ನಿಮ್ಮ ಎರಡು ಮೀಟರ್ ಅಂದರೆ 2 ಲಕ್ಷ ವರ್ಷ. ಯುಗುಬಿನಾ ಜಾತಿ ಭೂಮಿಯ ಮೇಲೆ ಇದ್ದದ್ದೇ ಸುಮಾರು 2ರಿಂದ 3 ಲಕ್ಷ ವರ್ಷ. ಗಡಿಯಾದ ಮೇಲೆ ಸುಣ್ಣ ಬೀಳುವುದೂ ಕಡಿಮೆಯಾಗಿತ್ತು, ಹಾಗಾಗಿ ಅದರ ಪಾಲಿನ ಕಲ್ಲು ಇನ್ನೂ ತೆಳ್ಳಗಿರುತ್ತದೆ. ಅಂದರೆ ನೀವು ಹುಡುಕುತ್ತಿರುವ ಜಾತಿಯ ಇಡೀ ಬದುಕು ನಿಮ್ಮ ಎರಡು ಸ್ಯಾಂಪಲ್‌ಗಳ ನಡುವೆ ಜಾರಿಹೋಗಿರಬಹುದು.

ಆದ್ದರಿಂದ ಮತ್ತೆ ಗೋಡೆಯ ಹತ್ತಿರ ಹೋಗಿ. 8ರಿಂದ 10 ಮೀಟರ್‌ವರೆಗೆ 10 ಸೆಂಟಿಮೀಟರ್‌ಗೆ ಒಂದರಂತೆ 21 ಸ್ಯಾಂಪಲ್ ತೆಗೆಯಿರಿ. ಎರಡು ಸ್ಯಾಂಪಲ್‌ಗಳ ನಡುವೆ ಸುತ್ತಿಗೆ, ಉಳಿ ಒರೆಸಿಕೊಳ್ಳಿ. ಕಲ್ಲಿನ ಮೇಲ್ಮೈ ಕೆರೆದು ಒಳಗಿನದನ್ನೇ ತೆಗೆಯಿರಿ. ಬೆರಳಗಲದ ಜೇಡಿ ಎಲ್ಲಾದರೂ ಇದೆಯಾ ಎಂದು ಮೊಣಕಾಲೂರಿ ನೋಡಿ, ಸುಣ್ಣಕಲ್ಲಿನ ಗೋಡೆಯಲ್ಲಿ ಜೇಡಿ ಮಳೆಗೆ ಕರಗಿ ಸಂದಿಯಾಗಿ ಮಾತ್ರ ಉಳಿದಿರುತ್ತದೆ. ಮೊದಲು ನ್ಯಾನೊಫಾಸಿಲ್ ಸ್ಲೈಡ್ ಮಾಡಿ, ಯಾವ ಎರಡು ಸ್ಯಾಂಪಲ್‌ಗಳ ನಡುವೆ ಬದಲಾವಣೆ ಇದೆ ಎಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಆ 10 ಸೆಂಟಿಮೀಟರ್‌ಗೆ ಮಾತ್ರ ಮೂರನೇ ಸಲ ಹೋಗಿ, ಎರಡೆರಡು ಸೆಂಟಿಮೀಟರ್‌ಗೆ ಸ್ಯಾಂಪಲ್ ತಂದು 38 ಮೈಕ್ರಾನ್‌ನಲ್ಲಿ ತೊಳೆಯಿರಿ. ಈಗಿರುವ 10 ಮೀಟರ್‌ನ ಸ್ಯಾಂಪಲ್ ಸ್ವಲ್ಪ ಉಳಿದಿದ್ದರೆ ಬಸ್ಸು ಹತ್ತುವ ಮೊದಲೇ ಅದನ್ನು ಸಣ್ಣ ಜರಡಿಯಲ್ಲಿ ಹಾಕಿ ನೋಡಿ. ಯುಗುಬಿನಾ ಅದರಲ್ಲೇ ಕೂತಿದ್ದರೂ ಕೂತಿರಬಹುದು.